ಕಿವುಡಾದದ್ದು ಯಾರು?

(ಕೂಟದ ಸಂಸ್ಥಾಪನಾ ದಿನದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಗಂಡ ಹೆಂಡತಿ ಇಬ್ಬರೂ ವೈದ್ಯರು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗ ನಮಗೆ ಹ್ಯಾಮ್ ರೇಡಿಯೋ ಹುಚ್ಚು ಹಿಡಿಸಿದವರು ಒಬ್ಬ ಮೇಷ್ಟ್ರು. ರೆಸಿಡೆನ್ಸಿ ಮುಗಿಸಿ ಅಮೆರಿಕದಲ್ಲೇ ನೆಲೆಸಿದ ಮೇಲೂ ಭಾನುವಾರ ನಮ್ಮ ಬೆಳಗಿನ, ಅವರ ಸಂಜೆಯ ಹೊತ್ತಿಗೆ 14 ಮೆಗಾಹರ್ಟ್ಸ್‌ನಲ್ಲಿ ಮಾತು ನಡೆಯುತ್ತದೆ. ಇಲ್ಲಿನ ಕಾನೂನಿನಂತೆ ಕರೆಸಂಕೇತವನ್ನು ಇಂಗ್ಲಿಷಿನಲ್ಲಿ ಹೇಳಿದರಾಯಿತು, ಉಳಿದದ್ದೆಲ್ಲ ಕನ್ನಡವೇ. ಫೋನ್ ಇಲ್ಲವೇ ಎಂದೀರಿ. ಇದೆ, ಆದರೆ ಫೋನಿನಲ್ಲಿ ಮೇಷ್ಟ್ರು ಎರಡು ಮಾತಾಡಿ ಇಟ್ಟುಬಿಡುತ್ತಾರೆ.

ಹೋದ ವರ್ಷ ಹಿಮ ಕರಗಿದ ಮೇಲೆ ಒಂದು ತೊಂದರೆ ಶುರುವಾಯಿತು. ಅವರ ದನಿ ನಮಗೆ ಕ್ಷೀಣವಾಗಿಯಾದರೂ ಕೇಳುತ್ತಿತ್ತು. ನಮ್ಮ ಉತ್ತರ ಅವರನ್ನು ಮುಟ್ಟುತ್ತಿರಲಿಲ್ಲ. "ಇದ್ದೀರೇನ್ರಪ್ಪಾ?" ಎಂದು ನಾಲ್ಕೈದು ಸಲ ಕರೆದು ಸುಮ್ಮನಾಗುತ್ತಿದ್ದರು. ನಾವು ಇತ್ತ ಮೈಕ್ ಹಿಡಿದು ಕೂಗುತ್ತಲೇ ಇರುತ್ತಿದ್ದೆವು. ಆ ಸಂಕಟ ಹೇಳತೀರದು.

ಎಸ್.ಡಬ್ಲ್ಯು.ಆರ್. ಮೀಟರ್ ನೋಡಿದೆವು. ಕಳಿಸಿದ ಶಕ್ತಿಯಲ್ಲಿ ಎಷ್ಟು ಮರಳಿ ಬಂತೆಂದು ಹೇಳುವ ಉಪಕರಣ ಅದು. 1 ಎಂದರೆ ಏನೂ ಮರಳಿಲ್ಲ. 3 ಎಂದರೆ ಕಾಲುಭಾಗ ವಾಪಸು. ನಮ್ಮದು 1.2ಕ್ಕಿಂತ ಕಡಿಮೆ, ಹಿಂದೆಂದಿಗಿಂತ ಚೆನ್ನ! ಹಾಗಾದರೆ ದೋಷ ಮೇಷ್ಟ್ರದ್ದೇ, ವಯಸ್ಸಾಯಿತಲ್ಲ. ಫೋನ್ ಮಾಡಿ ಕಿವಿ ತೋರಿಸಿಕೊಳ್ಳಿ ಎಂದೆವು. ಪಾಪ, ಹೋಗಿ ಬಂದರು. ಕಿವಿ ಸರಿಯಾಗಿಯೇ ಇತ್ತು. "ನನ್ನ ಕಿವಿ ನೋಡಿಸಿದಿರಿ, ನಿಮ್ಮ ಕೇಬಲ್ ನೋಡಿಕೊಂಡಿರಾ?" ಎಂದರು.

ನೋಡಿರಲಿಲ್ಲ. ನಾಡಿ ಸರಿಯಿದೆಯೆಂದು ರೋಗಿಯನ್ನು ಮನೆಗೆ ಕಳಿಸುವ ತಪ್ಪನ್ನೇ ಮಾಡಿದ್ದೆವು.

ಏಣಿ ಹತ್ತಿ (ಹತ್ತುವ ಮುನ್ನ ವಿದ್ಯುತ್ ತಂತಿ ಎಷ್ಟು ದೂರವಿದೆಯೆಂದು ದಯವಿಟ್ಟು ನೋಡಿಕೊಳ್ಳಿ) ಆಂಟೆನಾದ ಕಡೆಯ ಕನೆಕ್ಟರ್ ಬಿಚ್ಚಿ, ಕೇಬಲ್ಲಿಗೆ ಅತಿ ಕಡಿಮೆ ಶಕ್ತಿ ಕಳಿಸಿದೆವು. ತುದಿ ತೆರೆದಿದ್ದರೆ ಕಳಿಸಿದ್ದೆಲ್ಲ ಮರಳಬೇಕು, ಮೀಟರಿನ ಮುಳ್ಳು ಮೇಲಿನ ತುದಿಗೆ ಹೋಗಬೇಕು. ಅದು 1.7ಕ್ಕೇ ನಿಂತಿತು! ಅಂದರೆ ಕೇಬಲ್ 6 ಡೆಸಿಬೆಲ್ ನುಂಗುತ್ತಿದೆ. 100 ವ್ಯಾಟ್ ಕಳಿಸಿದರೆ ಆಂಟೆನಾ ಸೇರುವುದು 25. ಮರಳಿ ಬರುವ ಅಲೆಯನ್ನೂ ಅದೇ ನುಂಗುವುದರಿಂದ ಮೀಟರ್ ಅಷ್ಟು ಚೆನ್ನಾಗಿ ಕಾಣುತ್ತಿತ್ತು.

ಪಿಎಲ್-259 ಕನೆಕ್ಟರ್ ತಾನಾಗಿ ನೀರು ತಡೆಯುವುದಿಲ್ಲ. ಅದಕ್ಕೆ ಮಾಮೂಲಿ ಎಲೆಕ್ಟ್ರಿಕಲ್ ಟೇಪ್ ಸುತ್ತಿದ್ದವರು ನಾವೇ. ಕೇಬಲ್ಲಿನ ಹೊರಪದರ ಸೀಳಿದರೆ ಒಳಗಿನ ತಾಮ್ರದ ಹೆಣಿಗೆ ಅಡಿಗಟ್ಟಲೆ ಕಪ್ಪಾಗಿ, ಅಲ್ಲಲ್ಲಿ ಹಸಿರು ಕಟ್ಟಿತ್ತು. ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಹೆಣಿಗೆಯಲ್ಲಿ ನೀರು ಹರಡುತ್ತದೆ. ಹೊಸ ಕನೆಕ್ಟರ್ ಮಾತ್ರ ಹಾಕಿದರೆ ಸಾಲದು. ಇಡೀ ಕೇಬಲ್ ಬದಲಿಸಿದೆವು. ಬೆಸುಗೆ ಹಾಕಿ, ತನ್ನಷ್ಟಕ್ಕೆ ಅಂಟಿ ಒಂದಾಗುವ ರಬ್ಬರ್ ಟೇಪ್ ಎಳೆದು ಸುತ್ತಿ, ಮೇಲೊಂದು ಪದರ ಪ್ಲಾಸ್ಟಿಕ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಸುತ್ತಿದೆವು.

ಈಗ ಮೀಟರ್ 1.8 ತೋರಿಸುತ್ತದೆ. ತೋರಿಸಲಿ, ನಿಜವನ್ನಾದರೂ ಹೇಳುತ್ತಿದೆ. ಮುಂದಿನ ಭಾನುವಾರ ಮೇಷ್ಟ್ರು ಕರೆದರು, ನಾವು ಓಗೊಟ್ಟೆವು. ಒಂದು ಕ್ಷಣ ಬರೀ ಗೊರಗೊರ. ಆಮೇಲೆ ಮೈಸೂರಿನಿಂದ ದನಿ ಬಂತು:

"ಕೇಳಿಸ್ತು ಕಣ್ರಪ್ಪಾ. ಆ ಕಿವಿ ಡಾಕ್ಟರ ಫೀಸು ಮಾತ್ರ ನೀವೇ ಕೊಡಬೇಕು."