ಫೋನಿಗೆ ಊರ ಮಾತು ತಿಳಿದೀತೆ?



ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದರು. ಇಂಗ್ಲಿಷು, ಹಿಂದಿಗಳಿಗೆ ಒಗ್ಗಿಹೋಗಿದ್ದ ಆ ಸದನದಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಲೋಕಸಭೆಯಲ್ಲಿ ಕನ್ನಡದ ಭಾಷಣ ಕೇಳಿಸಿದ್ದು ಅದೇ ಮೊದಲು. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವ ರೆಡ್ಡಿ. ಆಡುವವನು ತನ್ನ ಮಾತನ್ನು ಮನೆಯಲ್ಲಿ ಬಿಟ್ಟು ಬರಬೇಕೋ, ಕೇಳುವವರು ಆ ಮಾತಿಗೆ ಕಿವಿಯನ್ನು ಅಣಿ ಮಾಡಿಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಆ ಘಟನೆ ಎತ್ತಿತು.

ಅದೇ ಪ್ರಶ್ನೆ ಈಗ ಅಂಗಿಯ ಜೇಬಿನೊಳಗೆ ಬಂದು ಕುಳಿತಿದೆ. ಸ್ಮಾರ್ಟ್‌ಫೋನಿನ ದನಿ ಸಹಾಯಕ, ಅಂದರೆ ಬಾಯಲ್ಲಿ ಕೇಳಿದ್ದಕ್ಕೆ ಬಾಯಿಮಾತಿನಲ್ಲೇ ಉತ್ತರ ಕೊಡುವ ವ್ಯವಸ್ಥೆ, ದಿನದ ಬದುಕಿಗೆ ಒದಗುತ್ತದೆಯೆ? ಇದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕಡೆಯಿಂದ ನೋಡುವುದು ಇಂದಿನ ಮಾತಿನ ಉದ್ದೇಶ. ನಾಲ್ಕೂ ದಾವಣಗೆರೆ ಜಿಲ್ಲೆಗೆ ಸೇರಿದವಾದರೂ ಅವುಗಳ ಹಿನ್ನೆಲೆ ಒಂದೇ ಅಲ್ಲ. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ ಈ ಜಿಲ್ಲೆ ರಚನೆಯಾಯಿತು. ಆಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚಿನ ವರ್ಷಗಳಲ್ಲಿ. ಅಡಿಕೆ ತೋಟದವರು, ನಾಲೆ ಬಯಲಿನ ಭತ್ತದವರು, ತಾಂಡಾದವರು, ಮಳೆಯನ್ನೇ ನೆಚ್ಚಿದ ಒಣಭೂಮಿಯವರು ಎಲ್ಲರೂ ಇಲ್ಲಿದ್ದಾರೆ. ಅವರ ಕೆಲಸದಂತೆ ಮಾತೂ ಬೇರೆ.

ಕೇಳಿ ತಿಳಿಯುವುದು ಈ ಸೀಮೆಗೆ ಹೊಸದಲ್ಲ. ಭದ್ರಾವತಿ ಆಕಾಶವಾಣಿ 1965ರಲ್ಲಿ ಆರಂಭವಾದ ಮೇಲೆ ಕೃಷಿ ವಾರ್ತೆ ರೇಡಿಯೋದಲ್ಲೇ ಹೊಲಕ್ಕೆ ಬಂತು. ಆದರೆ ರೇಡಿಯೋ ಹೇಳುತ್ತಿತ್ತು, ತಿರುಗಿ ಕೇಳಲು ಬರುತ್ತಿರಲಿಲ್ಲ. 2004ರ ಜನವರಿಯಲ್ಲಿ ಕೇಂದ್ರ ಸರಕಾರ ಕಿಸಾನ್ ಕಾಲ್ ಸೆಂಟರ್ ತೆರೆದಾಗ ಆ ಕೊರತೆ ಅರ್ಧ ತುಂಬಿತು. 1800-180-1551ಕ್ಕೆ ಕಾಸಿಲ್ಲದೆ ಫೋನು ಮಾಡಿದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಮನುಷ್ಯರೇ ಉತ್ತರಿಸುತ್ತಾರೆ, ಕನ್ನಡದಲ್ಲೂ ಉತ್ತರಿಸುತ್ತಾರೆ. ದನಿ ಸಹಾಯಕ ಇದರ ಮುಂದಿನ ಮೆಟ್ಟಿಲು. ಹೊತ್ತುಗೊತ್ತಿಲ್ಲದೆ ಕೇಳಬಹುದು, ಆದರೆ ಆ ಕಡೆ ಮನುಷ್ಯನಿಲ್ಲ.

ಐಫೋನಿನ ಸಿರಿ 2011ರಲ್ಲಿ, ಅಮೆಜಾನಿನ ಅಲೆಕ್ಸಾ 2014ರಲ್ಲಿ, ಗೂಗಲ್ ಅಸಿಸ್ಟೆಂಟ್ 2016ರಲ್ಲಿ ಬಂದವು. ಕನ್ನಡ ಸರದಿಯಲ್ಲಿ ಹಿಂದೆ ನಿಲ್ಲಬೇಕಾಯಿತು. ಬಾಯಲ್ಲಿ ಹೇಳಿದ್ದನ್ನು ಫೋನು ಕನ್ನಡದಲ್ಲಿ ಬರೆದುಕೊಳ್ಳುವ ಸೌಲಭ್ಯವನ್ನು ಗೂಗಲ್ ಕೊಟ್ಟದ್ದು 2017ರ ಆಗಸ್ಟ್‌ನಲ್ಲಿ. ಅಸಿಸ್ಟೆಂಟ್ ಕನ್ನಡ ಕಲಿಯಲಿದೆ ಎಂದು ಅದು ಸಾರಿದ್ದು 2018ರಲ್ಲಿ. ಮಾತಿಗೆ ಮಾತು ಬೆಳೆಸಿಕೊಂಡು ಹೋಗುವ ಜೆಮಿನಿ ಲೈವ್ 2024ರ ಅಕ್ಟೋಬರಿನಲ್ಲಿ ಕನ್ನಡವೂ ಸೇರಿ 9 ಭಾರತೀಯ ಭಾಷೆಗಳಿಗೆ ಬಂತು.

ಇದು ಕೆಲಸ ಮಾಡುವ ಬಗೆ ಸ್ಥೂಲವಾಗಿ ಹೀಗೆ. ಫೋನು ದನಿಯನ್ನು ಹಿಡಿದು ಅಂತರ್ಜಾಲದ ಮೂಲಕ ದೂರದ ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲಿ ದನಿ ಪದವಾಗುತ್ತದೆ, ಪದಗಳಿಂದ ಕೇಳಿದವನ ಉದ್ದೇಶವನ್ನು ಊಹಿಸಲಾಗುತ್ತದೆ, ಉತ್ತರ ಸಿದ್ಧವಾಗಿ ಮತ್ತೆ ದನಿಯಾಗಿ ಬರುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಉತ್ತರ ಹಳಿ ತಪ್ಪುತ್ತದೆ. ಸಿಗ್ನಲ್ ಇಲ್ಲದ ಗುಡ್ಡದ ಮರೆಯಲ್ಲಿ ಸರಪಳಿ ಶುರುವಾಗುವುದೇ ಇಲ್ಲ.

ಹಾಗಿದ್ದೂ ಇದು ನಿಜವಾಗಿ ನೆರವಾಗುವ ಕಡೆಗಳಿವೆ. ಬೈಕಿನಲ್ಲಿ ಹೋಗುವವನಿಗೆ ದಾರಿ ಹೇಳುವುದು, ಕೈ ಮಣ್ಣಾದವನಿಗೆ ಮಗನ ನಂಬರಿಗೆ ಕರೆ ಹಚ್ಚಿಕೊಡುವುದು, ಬೆಳಗಿನ ಜಾವ ಮೋಟಾರು ಹಾಕಲು ಏಳಿಸುವುದು, ಹಳೆಯ ಹಾಡು ಹುಡುಕಿಕೊಡುವುದು. ಇವು ಸಣ್ಣ ಕೆಲಸಗಳು. ತಪ್ಪಿದರೆ ನಷ್ಟವೂ ಸಣ್ಣದು. ಜನ ಇದನ್ನು ಹೆಚ್ಚು ಬಳಸುವುದೂ ಇಂಥವಕ್ಕೇ. ಕಣ್ಣು ಕಾಣದವರ ಮಾತು ಬೇರೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ 2009ರಿಂದಲೇ ಆಂಡ್ರಾಯ್ಡ್ ಫೋನುಗಳಲ್ಲಿದೆ. ಬಾಯಲ್ಲಿ ಹೇಳಿ ಕಿವಿಯಲ್ಲಿ ಕೇಳುವ ಸೌಲಭ್ಯ ಅವರಿಗೆ ಮನೆಯ ಹೆಬ್ಬಾಗಿಲಿದ್ದಂತೆ. ಓದು ಬಾರದವರಿಗೂ ಹಾಗೆಯೇ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75.36, ಮಹಿಳೆಯರದು ಶೇ. 68ರಷ್ಟು. ಮೊಮ್ಮಗನನ್ನು ಕಾಯದೆ ತಾನೇ ಕೇಳಿ ತಿಳಿಯಬಲ್ಲ ಅಜ್ಜಿಗೆ ಸಿಗುವ ಸ್ವಾತಂತ್ರ್ಯ ಸಣ್ಣದಲ್ಲ.

ಆದರೆ ಕೆಲಸ ದೊಡ್ಡದಾದಂತೆ ತೊಡಕೂ ದೊಡ್ಡದಾಗುತ್ತದೆ. ಚನ್ನಗಿರಿಯ ಅಡಿಕೆಯನ್ನೇ ನೋಡಿ. ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಮಾಲಿಗೆ ಬೇರೆಬೇರೆ ಹೆಸರು, ಒಂದೊಂದಕ್ಕೆ ಒಂದೊಂದು ಧಾರಣೆ. ‘ಇವತ್ತು ರಾಶಿ ಹೆಂಗೈತೆ?’ ಎಂದರೆ ಅಡಿಕೆ ಬೆಳೆಗಾರನಿಗೆ ಅರ್ಥ ಒಂದೇ. ಯಂತ್ರಕ್ಕೆ ರಾಶಿ ಎಂದರೆ ಮೇಷ, ವೃಷಭವೂ ಆಗಬಹುದು, ಕಣದ ಗುಡ್ಡೆಯೂ ಆಗಬಹುದು. ಸರಕು ಎಂದರೆ ಅಂಗಡಿ ಸಾಮಾನಾಗಬಹುದು. ಪದ ಸರಿಯಾಗಿ ಕೇಳಿಸಿದರೂ ಊರು ತಿಳಿಯದಿದ್ದರೆ ಉತ್ತರ ದಾರಿ ತಪ್ಪುತ್ತದೆ. ಧಾರಣೆ ದಿನದಿನಕ್ಕೆ ಏರಿಳಿಯುವುದರಿಂದ ನಿನ್ನೆಯ ದರವನ್ನು ಇಂದಿನದೆಂದು ಹೇಳಿದರೂ ಕ್ವಿಂಟಾಲಿನ ಲೆಕ್ಕದಲ್ಲಿ ಪೆಟ್ಟು ಬೀಳುವುದು ಬೆಳೆಗಾರನಿಗೇ.

ಮಳೆಯ ವಿಷಯವೂ ಹೀಗೆಯೇ. ಹೊನ್ನಾಳಿಯ ರೈತ ಮಳೆಯನ್ನು ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ನಕ್ಷತ್ರದ ಹೆಸರಿನಲ್ಲಿ ಎಣಿಸುತ್ತಾನೆ. ಬಿತ್ತನೆಯ ನೆನಪೆಲ್ಲ ಆ ಪಂಚಾಂಗದ ಮೇಲೆ ನಿಂತಿದೆ. ಫೋನು ತಾರೀಖಿನಲ್ಲಿ, ಶೇಕಡಾವಾರಿನಲ್ಲಿ ಉತ್ತರಿಸುತ್ತದೆ. ಶೇ. 40 ಮಳೆಯ ಸಂಭವ ಎಂದರೆ ಬಿತ್ತಬೇಕೋ ಬೇಡವೋ? ಜಗಳೂರಿನ ಕಡೆ ಒಂದು ಹೊಲ ನೆನೆದು ಪಕ್ಕದ ಹೊಲ ಒಣಗಿರುವುದು ಹೊಸತಲ್ಲ. ಪಟ್ಟಣದ ಹೆಸರಿಗೆ ಹೇಳಿದ ಹವಾಮಾನ ಹತ್ತು ಮೈಲಿ ದೂರದ ಮೆಕ್ಕೆಜೋಳದ ಹೊಲಕ್ಕೆ ಎಷ್ಟು ಅನ್ವಯವಾದೀತು ಎಂಬುದನ್ನು ಅಲ್ಲಿಯವರು ಯಂತ್ರವನ್ನು ಕೇಳದೆಯೇ ಬಲ್ಲರು.

ಇನ್ನು ನ್ಯಾಮತಿ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಡೆದುಕೊಳ್ಳುವ ಸೂರಗೊಂಡನಕೊಪ್ಪ ಇರುವುದು ಈ ತಾಲ್ಲೂಕಿನಲ್ಲಿ. ತಾಂಡಾದ ಮನೆಯ ಮಾತು ಲಂಬಾಣಿ. 2011ರ ಜನಗಣತಿಯಲ್ಲಿ ದೇಶದಾದ್ಯಂತ 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿಯನ್ನು ತಾಯ್ನುಡಿಯೆಂದು ಬರೆಸಿದರು, ಗಣತಿ ಅವರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿತು. ಲಂಬಾಣಿಗೆ ತನ್ನದೇ ಲಿಪಿಯಿಲ್ಲ. ಹಾಗೆ ನೋಡಿದರೆ ಬರಹ ಕಡಿಮೆಯಿರುವ ಭಾಷೆಗೇ ದನಿಯ ಯಂತ್ರ ಹೆಚ್ಚು ಬೇಕು. ಆದರೆ ಈ ಯಂತ್ರಗಳು ಕಲಿಯುವುದು ದನಿಯನ್ನೂ ಅದರ ಬರಹವನ್ನೂ ಜೋಡಿಸಿಟ್ಟ ರಾಶಿ ರಾಶಿ ಮಾದರಿಗಳಿಂದ. ಬರಹ ವಿರಳವಾದಲ್ಲಿ ಕಲಿಕೆಯೂ ವಿರಳ. ಹೆಸರಾದ ಕೆಲವು ದನಿ ಸಹಾಯಕಗಳ ಭಾಷಾಪಟ್ಟಿಯಲ್ಲಿ ಕನ್ನಡವುಂಟು, ಲಂಬಾಣಿಯಿಲ್ಲ. ತಾಂಡಾದ ಮುದುಕಿ ಫೋನಿನೊಡನೆ ಆಡಬೇಕಾದರೆ ತನ್ನ ಮಾತು ಬಿಟ್ಟು ಕನ್ನಡಕ್ಕೆ ಬರಬೇಕು, ಅದೂ ಪುಸ್ತಕದ ಕನ್ನಡಕ್ಕೆ. 1967ರ ಪ್ರಶ್ನೆಯಲ್ಲಿ ಆಗ ಕೇಳಿಸದೆ ಉಳಿದದ್ದು ಕನ್ನಡ. ಇಂದು ಕನ್ನಡದವರ ಮಗ್ಗುಲಲ್ಲೇ ಇನ್ನೊಂದು ನುಡಿ ಹಾಗೆ ನಿಂತಿದೆ.

ಈ ಕೊರತೆ ಬಲ್ಲವರಿಗೆ ತಿಳಿಯದ್ದೇನಲ್ಲ. ತುಮಕೂರಿನ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನ ಸಂಶೋಧಕರು ಕಳೆದ ದಶಕದಲ್ಲೇ ಕೃಷಿ ಉತ್ಪನ್ನಗಳ ಧಾರಣೆ ಮತ್ತು ಹವಾಮಾನವನ್ನು ಕನ್ನಡದಲ್ಲಿ ಫೋನಿನಲ್ಲೇ ಕೇಳಿ ತಿಳಿಯುವ ವ್ಯವಸ್ಥೆ ರೂಪಿಸಿದರು. ಅದಕ್ಕಾಗಿ ರಾಜ್ಯದ ಬೇರೆಬೇರೆ ಕಡೆಯ ರೈತರ ದನಿಯನ್ನು ಸದ್ದುಗದ್ದಲದ ನಡುವೆಯೇ ಸಂಗ್ರಹಿಸಿದರು. ಸ್ಟುಡಿಯೋದ ಮೌನದಲ್ಲಿ ಕಲಿತ ಯಂತ್ರ ಸಂತೆಯಲ್ಲಿ ಕಿವುಡಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಗೂಗಲ್ ಜತೆ ಆರಂಭಿಸಿದ ‘ವಾಣಿ’ ಯೋಜನೆ ಭಾಷೆಯ ಪಟ್ಟಿ ಹಿಡಿಯದೆ ಜಿಲ್ಲೆಯ ಪಟ್ಟಿ ಹಿಡಿಯಿತು. ಜನರ ಮುಂದೆ ಚಿತ್ರಗಳನ್ನಿಟ್ಟು ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿಸಿ ದಾಖಲಿಸುವುದು ಅದರ ಕ್ರಮ. ಅದೇ ವರ್ಷ ಕೇಂದ್ರ ಸರಕಾರ ಭಾರತೀಯ ಭಾಷೆಗಳಿಗಾಗಿ ‘ಭಾಷಿಣಿ’ಯನ್ನು ಆರಂಭಿಸಿತು. ಇವು ಫಲ ಕೊಟ್ಟಷ್ಟೂ ಫೋನಿನ ಕಿವಿ ಹದವಾಗುತ್ತದೆ.

ಕಿವಿ ಹದವಾದರೆ ಸಾಲದು, ನಾಲಿಗೆಗೂ ಹಿಡಿತ ಬೇಕು. ಊರಿನಲ್ಲಿ ತಿಳಿದವರನ್ನು ಕೇಳಿದಾಗ ಅವರು ಎಷ್ಟೋ ಸಲ, ‘ನಂಗೊತ್ತಿಲ್ಲ, ಆ ಸೊಸೈಟಿಯವರನ್ನ ಕೇಳು’ ಎನ್ನುತ್ತಾರೆ. ಆ ಉತ್ತರದಲ್ಲಿ ಉಪಕಾರವಿದೆ. ಈಚಿನ ಸಂಭಾಷಣಾ ಯಂತ್ರಗಳು ತಿಳಿಯದ್ದನ್ನೂ ತಿಳಿದವರ ಧಾಟಿಯಲ್ಲೇ ಹೇಳಿಬಿಡುವುದುಂಟು. ಹಾಡು ತಪ್ಪಾದರೆ ಇನ್ನೊಮ್ಮೆ ಕೇಳಬಹುದು. ಔಷಧಿ ಸಿಂಪಡಣೆಯ ಪ್ರಮಾಣ ತಪ್ಪಾದರೆ ಬೆಳೆ ಹೋಗುತ್ತದೆ, ಮಗುವಿನ ಜ್ವರಕ್ಕೆ ಹೇಳಿದ್ದು ತಪ್ಪಾದರೆ ಅದಕ್ಕಿಂತ ದೊಡ್ಡದೇ ಹೋದೀತು. ಓದು ಬಲ್ಲವರು ಇನ್ನೊಂದು ಕಡೆ ನೋಡಿ ಒರೆಹಚ್ಚಬಲ್ಲರು. ಓದು ಬಾರದೆ ದನಿಯನ್ನೇ ನಂಬಿದವರಿಗೆ ಆ ದಾರಿಯಿಲ್ಲ. ಯಾರಿಗೆ ಈ ಸಾಧನ ಹೆಚ್ಚು ಬೇಕೋ ಅವರಿಗೇ ಅದರ ತಪ್ಪು ಹೆಚ್ಚು ತುಟ್ಟಿ.

ಆದುದರಿಂದ ಉಪಯೋಗವಿದೆಯೆ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಸಲ್ಲದು. ಕರೆ, ದಾರಿ, ಹಾಡು, ಗಂಟೆಗಳಿಗೆ ಇದನ್ನು ಧಾರಾಳವಾಗಿ ಬಳಸಬಹುದು. ಧಾರಣೆಯನ್ನು ಕೇಳಿ, ಮಂಡಿಗೆ ಒಂದು ಫೋನು ಮಾಡಿ ಖಚಿತಪಡಿಸಿಕೊಳ್ಳುವುದು ಮೇಲು. ಔಷಧಿ, ಕಾಗದಪತ್ರ, ಸಾಲದ ವಿಷಯದಲ್ಲಿ ರೈತ ಸಂಪರ್ಕ ಕೇಂದ್ರದ, ಆಸ್ಪತ್ರೆಯ, ಬ್ಯಾಂಕಿನ ಮನುಷ್ಯನ ಮಾತೇ ಇಂದಿಗೂ ಕೊನೆಯ ಮಾತಾಗಬೇಕು. ಜತೆಗೆ, ಫೋನು ತನ್ನ ಮಾತನ್ನು ತಪ್ಪಾಗಿ ಕೇಳಿಸಿಕೊಂಡಾಗ ನಾಚಿ ಸುಮ್ಮನಾಗುವವರಿಗೆ ಯಾರಾದರೂ ಹೇಳಬೇಕಾದ ಮಾತೊಂದಿದೆ: ತಪ್ಪಿದ್ದು ಅವರ ನುಡಿಯಲ್ಲ, ಅದನ್ನು ಇನ್ನೂ ಕಲಿಯದ ಯಂತ್ರ. ಕಾರಿಗನೂರಿನವರೊಬ್ಬರು ದೆಹಲಿಯಲ್ಲಿ ಆ ಸಂಕೋಚವನ್ನು ಬಿಟ್ಟು ಅರ್ಧ ಶತಮಾನದ ಮೇಲಾಯಿತು.