ಅಕ್ಷರವಿಲ್ಲದ ಪುಸ್ತಕ

ಹಾಳೆ ತುಂಬ ಕಪ್ಪು-ಬಿಳುಪು ಚಿತ್ರ, ಕೆಳಗೆ ಒಂದಕ್ಷರವೂ ಇಲ್ಲ. ಹಾಳೆ ಮಗುಚುತ್ತ ಹೋದಂತೆ ಕಥೆ ನಡೆಯುತ್ತದೆ. ಲಿನೋಲಿಯಂ ಕೆತ್ತಿ ಮಾಡುವ ಇಂಥ ಪುಸ್ತಕಗಳು ಹೇಗೆ ಬಂದವು ಎಂಬುದು ಇವತ್ತಿನ ಮಾತು.

ಹೀಗೆ ಓದುವುದು ನಮಗೆ ಹೊಸತಲ್ಲ. ನಮ್ಮ ಮೈಸೂರು ಜಿಲ್ಲೆಯ ಸೋಮನಾಥಪುರದಲ್ಲಿ, 13ನೇ ಶತಮಾನದ ಕೇಶವ ದೇವಾಲಯಕ್ಕೆ ಪ್ರದಕ್ಷಿಣೆ ಬಂದರೆ ರಾಮಾಯಣ, ಭಾಗವತ, ಮಹಾಭಾರತ ಗೋಡೆಯ ಮೇಲೆ ಸಾಲಾಗಿ ಸಿಗುತ್ತವೆ. ಓದುವವರು ನಡೆಯಬೇಕು, ಅಷ್ಟೆ. ಕಾಗದದ ಮೇಲೆ ಹೀಗೆ ಚಿತ್ರದಲ್ಲೇ ಕಥೆ ಹೇಳಲು ಹೆಸರಾದವರು ಬೆಲ್ಜಿಯಂನ ಫ್ರಾನ್ಸ್ ಮಾಸರೀಲ್. 1919ರಲ್ಲಿ 167 ಮರದಚ್ಚಿನ ಚಿತ್ರಗಳಲ್ಲಿ ಒಬ್ಬ ಮನುಷ್ಯನ ಬಾಳನ್ನೇ ಹೇಳಿದರು.

ಮರಕ್ಕೆ ಎಳೆ ಇರುತ್ತದೆ, ಉಳಿ ಅದಕ್ಕೆ ಬಗ್ಗಿ ನಡೆಯಬೇಕು. ಲಿನೋಲಿಯಂಗೆ ಆ ಕಾಟವಿಲ್ಲ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅಗಸೆ ಎಣ್ಣೆಯನ್ನು ಗಾಳಿಯಲ್ಲಿ ಗಟ್ಟಿಯಾಗಿಸಿ, ಬೆಂಡಿನ ಪುಡಿ ಬೆರೆಸಿ, ಒರಟು ಬಟ್ಟೆಯ ಮೇಲೆ ಹರಡಿ ಮಾಡಿದ ನೆಲಹಾಸು ಇದು. ಲಂಡನ್ನಿನ ಕ್ಲಾಡ್ ಫ್ಲೈಟ್ ಇದರಿಂದ ಅಚ್ಚು ಹಾಕುವುದನ್ನು ಕಲಿಸುತ್ತ, ಸಿನಿಮಾ ಟಿಕೆಟ್ಟಿನ ದುಡ್ಡಿಗೆ ಚಿತ್ರ ಸಿಗಬೇಕು ಎಂದು ವಾದಿಸಿದರು. ಆ ಹಟ ನನಗೆ ಬಹಳ ಇಷ್ಟ.

ನಮ್ಮ ದೇಶದಲ್ಲಿ ಲಿನೋ ಅಚ್ಚಿಗೆ ಘನತೆ ತಂದವರು ನಂದಲಾಲ್ ಬೋಸ್. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರ ಜೊತೆ ಕಲಿತವರು. 1930ರಲ್ಲಿ ಅವರು ಕೆತ್ತಿದ ಗಾಂಧೀಜಿ, ಕಪ್ಪು ಹಿನ್ನೆಲೆಯಲ್ಲಿ ಕೆಲವೇ ಬಿಳಿ ಗೆರೆ: ಬಾಗಿದ ಮೈ, ಕೈಯಲ್ಲಿ ಕೋಲು, ಮುಂದಿಟ್ಟ ಹೆಜ್ಜೆ. ಬಂಗಾಳದ ಚಿತ್ತಪ್ರಸಾದರು ದುಡಿಯುವ ಮಕ್ಕಳನ್ನು ಲಿನೋದಲ್ಲಿ ಸರಣಿಯಾಗಿಯೇ ಕೆತ್ತಿದರು. ಪೂರಾ ಪುಸ್ತಕ ಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೋದ ಜಾಕೊಮೊ ಪಾತ್ರಿಯವರ 'ವೈಟ್ ಕಾಲರ್' ನೋಡಬೇಕು. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಚಿತ್ರಕಾರನ ಕಥೆ, 120ಕ್ಕೂ ಹೆಚ್ಚು ಲಿನೋ ಚಿತ್ರಗಳಲ್ಲಿ.

ಕೆಲಸದ ಕ್ರಮ ಸರಳ. ಲಿನೋ ತುಂಡನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ಕೆತ್ತಿದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ಎಡ-ಬಲ ಅದಲು ಬದಲಾಗುವುದರಿಂದ ಚಿತ್ರವನ್ನು ತಿರುಗಿಸಿ ಬರೆದುಕೊಳ್ಳಬೇಕು. ಲಿನೋ ಹಿಡಿದ ಕೈ ಉಳಿಯ ಹಿಂದೆಯೇ ಇರಲಿ. ರೋಲರಿನಿಂದ ಶಾಯಿ ತೆಳ್ಳಗೆ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದರೆ ಸಾಕು, ಯಂತ್ರ ಬೇಡ. ಮುಖ್ಯ ಪಾತ್ರಕ್ಕೆ ಮಾತ್ರ ಬದಲಾಗದ ಒಂದು ಗುರುತು ಬೇಕು, ಹೆಗಲ ಮೇಲಿನ ಟವೆಲ್ಲೋ ತುರುಬೋ. ಇಲ್ಲದಿದ್ದರೆ ಮುಂದಿನ ಹಾಳೆಗೆ ಓದುವವರ ಕಣ್ಣು ದಾರಿ ತಪ್ಪುತ್ತದೆ.

ನಮ್ಮ ಹಂಪಾಪುರದ ಸುತ್ತಿನ ಮಕ್ಕಳು ಇದನ್ನು ಮಾಡಬೇಕೆಂಬುದು ನನ್ನ ಆಸೆ. ವಿಷಯಕ್ಕೆ ಅಲೆಯಬೇಕಿಲ್ಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಇದೆ. ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ರಾತ್ರಿಯಿಡೀ ಒಲೆಗೆ ಸೌದೆ ಒಡ್ಡುವುದು, ಆಮೇಲೆ ಹರಾಜು. ಕತ್ತಲೆ, ಬೆಂಕಿ ಎರಡೂ ಲಿನೋಗೆ ಒಗ್ಗುತ್ತವೆ. ಕಷ್ಟವಿರುವುದು ಕೊನೆಯ ಹಾಳೆಯಲ್ಲಿ: ರೇಟು ಸಿಕ್ಕಿತೋ ಇಲ್ಲವೋ ಎಂಬುದನ್ನು ಅಂಕಿ ಬರೆಯದೆ ರೈತನ ಬೆನ್ನಿನಲ್ಲೇ ಹೇಳಬೇಕು. ಅದನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೆದು ಮನೆಯವರಿಗೆ ತೋರಿಸಿ. ಏನೂ ಕೇಳದೆ ಅವರಿಗೆ ತಿಳಿದರೆ, ಆಮೇಲೆ ಉಳಿ ಹಿಡಿಯಿರಿ.