ವಂಶವೃಕ್ಷದ ಎರಡು ಬೇರುಗಳು



ಜೋಗಿಮಟ್ಟಿಗೆ ಒಬ್ಬ ಜೋಗಿಯಿಂದ ಹೆಸರು ಬಂದಿತೆಂಬುದನ್ನೂ, ದುರ್ಗದ ಓಬವ್ವ ಕಹಳೆಯ ಮುದ್ದಹನುಮನ ಮಡದಿಯೆಂಬುದನ್ನೂ ಜನರ ಬಾಯಿಮಾತೇ ಉಳಿಸಿಕೊಂಡು ಬಂದಿದೆ. ನಮ್ಮ ಮನೆತನಗಳಿಗೆ ಬಾಯಿಮಾತಿನೊಡನೆ ಬರಹದ ಆಧಾರವೂ ಉಂಟು. ಜ್ಞಾನಸ್ನಾನ, ವಿವಾಹಗಳನ್ನು ಗುರುಗಳು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟಿನ ಮಹಾಸಭೆಯು 1563ರಲ್ಲಿಯೇ ವಿಧಿಸಿತು. ಮಗುವಿನ, ತಂದೆತಾಯಿಗಳ, ಜ್ಞಾನ ತಂದೆತಾಯಿಗಳ ಹೆಸರುಗಳು ಅಲ್ಲಿ ನಮಗೆ ಲಭಿಸುತ್ತವೆ. ಆದರೆ ಹಿರಿಯರು ಹುಟ್ಟೂರನ್ನು ತೊರೆದುದೇಕೆಂಬುದು ಅಲ್ಲಿಲ್ಲ. ಅದು ಅಜ್ಜಿಯರ ನೆನಪಿನಲ್ಲಿದೆ. ಧಾತು ಈಶ್ವರ ಬರದಲ್ಲಿ ಬಂದವರೆಂದು ಮನೆಯಲ್ಲಿ ಹೇಳುತ್ತಿದ್ದರೆ, ಅದು 1876-78ರ ಕ್ಷಾಮ. ಅವರು ಬಿಟ್ಟುಬಂದ ಊರಿನ ದೇವಾಲಯದಲ್ಲಿ ಅದಕ್ಕೂ ಹಿಂದಿನ ಪುಟಗಳನ್ನು ಹುಡುಕಬೇಕು. ಪುಸ್ತಕಗಳು ದೇವಾಲಯದಲ್ಲಿ ಉಳಿಯುತ್ತವೆ; ನೆನಪು ಹಿರಿಯರೊಡನೆ ಮಣ್ಣು ಸೇರುತ್ತದೆ. ಆದುದರಿಂದ ಈ ಶತಮಾನೋತ್ಸವ ಮುಗಿಯುವ ಮುನ್ನ ನಾವೆಲ್ಲರೂ ಅವರ ಬಳಿ ಕುಳಿತು, ಕೇಳಿ, ಬರೆದುಕೊಳ್ಳೋಣ.